ಪುಟ್ಟ ಕಾರಿನ ಸ್ಪೋರ್ಟ್ ಬಟನ್: ಒತ್ತಿದರೆ ನಿಜವಾಗಿ ಏನಾಗುತ್ತೆ? ಮುಂದಿನ ವಾರ ಚಾರ್ಮಾಡಿ ಬೇರೆ ಇದೆ

ಬನಶಂಕರಿ_ಸಿವಿಟಿ | ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ನನ್ನದು ಪುಟ್ಟ ಕಾರು. 1.0 ಲೀಟರ್, ಮೂರು ಸಿಲಿಂಡರ್, ಟರ್ಬೊ (ಎಂಜಿನ್ನಿಗೆ ಗಾಳಿ ತುರುಕುವ ಪಂಪು) ಇರುವ ಪೆಟ್ರೋಲ್, ಸಿವಿಟಿ ಅನ್ನುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಬನಶಂಕರಿಯಿಂದ ಬೆಳ್ಳಂದೂರಿಗೆ ಆಫೀಸು, ಭಾನುವಾರ ತರಕಾರಿ, ತಿಂಗಳಿಗೊಮ್ಮೆ ಮಂಡ್ಯ. ಇಷ್ಟೇ ಅದರ ಪ್ರಪಂಚ. ಗೇರ್ ಪಕ್ಕದಲ್ಲಿ ಒಂದು ಸ್ಪೋರ್ಟ್ ಬಟನ್ ಇದೆ. ಎಂಟು ತಿಂಗಳು ಅದನ್ನು ಮುಟ್ಟಿರಲಿಲ್ಲ. ಅದೆಲ್ಲ ಹುಡುಗರಿಗೆ ಅಂದುಕೊಂಡಿದ್ದೆ.

ಹೋದ ವಾರ ಮಗಳು ಪಕ್ಕದಲ್ಲಿ ಕೂತವಳು ಸುಮ್ಮನಿರಲಾರದೆ ಒತ್ತಿದಳು. ಸಿಗ್ನಲ್ ಬಿಟ್ಟಿತು. ನಾನು ಎಂದಿನಂತೆ ಕಾಲಿಟ್ಟೆ. ಕಾರು ಹಾರಿತು! ಎಂಟು ತಿಂಗಳು ನಾನು ಓಡಿಸಿದ್ದು ಬೇರೆ ಯಾವುದೋ ಕಾರು ಅನ್ನಿಸಿತು. ಅವತ್ತಿನಿಂದ ದಿನಾ ಸ್ಪೋರ್ಟ್‌ನಲ್ಲೇ ಓಡಾಟ. ಮಜಾ ಇದೆ. ಆದರೆ ಡಿಸ್‌ಪ್ಲೇಯಲ್ಲಿ 14 ತೋರಿಸುತ್ತಿದ್ದ ಮೈಲೇಜ್ 11ಕ್ಕೆ ಬಂದು ಕೂತಿದೆ.

ಈಗ ಪ್ರಶ್ನೆಗಳು. ಈ ಬಟನ್ ಒತ್ತಿದರೆ ಎಂಜಿನ್‌ಗೆ ಶಕ್ತಿ ಜಾಸ್ತಿ ಬರುತ್ತಾ? ದಿನಾ ಹೀಗೆ ಓಡಿಸಿದರೆ ಎಂಜಿನ್ ಹಾಳಾಗುತ್ತಾ? ನಮ್ಮ ಮಾವನವರ ಪ್ರಕಾರ ಖಂಡಿತ ಹಾಳಾಗುತ್ತೆ. ಅವರು ಮಾರುತಿ 800ನ್ನು ಇಪ್ಪತ್ತು ವರ್ಷ ಓಡಿಸಿದವರು, "ಎಂಜಿನ್ ಕಿರುಚಬಾರದು" ಅನ್ನುವುದು ಅವರ ಮನೆಮಂತ್ರ. ಮುಂದಿನ ವಾರ ಅವರನ್ನೂ ಕರೆದುಕೊಂಡು ಚಾರ್ಮಾಡಿ ಮೇಲೆ ಧರ್ಮಸ್ಥಳಕ್ಕೆ ಹೊರಟಿದ್ದೇವೆ. ಘಾಟಿಯಲ್ಲಿ ಸ್ಪೋರ್ಟ್ ಹಾಕಬೇಕಾ, ಬೇಡವಾ?

ಹೆಬ್ಬಾಳ_ಜಾಮ್ | ಸೋಮವಾರ, ರಾತ್ರಿ 9:52

ಸಿಲ್ಕ್ ಬೋರ್ಡ್ ದಾಟಿ ಬೆಳ್ಳಂದೂರಿಗೆ ದಿನಾ ಸ್ಪೋರ್ಟ್ ಮೋಡಿನಲ್ಲಾ? ಅಲ್ಲಿ ಎಲ್ಲರ ಮೋಡೂ ಒಂದೇ ಸಾರ್, ಪಾರ್ಕಿಂಗ್ ಮೋಡು.

ಗ್ಯಾರೇಜ್_ಗ್ರೀಸ್ | ಸೋಮವಾರ, ರಾತ್ರಿ 10:30

ಮೊದಲ ಪ್ರಶ್ನೆಗೆ ಉತ್ತರ: ಬರಲ್ಲ. ನಿಮ್ಮಂಥ ಹೆಚ್ಚಿನ ಪುಟ್ಟ ಪೆಟ್ರೋಲ್ ಕಾರುಗಳಲ್ಲಿ ಎಂಜಿನ್‌ನ ಗರಿಷ್ಠ ಶಕ್ತಿ ಒಂದು ಚೂರೂ ಬದಲಾಗುವುದಿಲ್ಲ. ನಾರ್ಮಲ್‌ನಲ್ಲೇ ಪೆಡಲ್ ನೆಲಕ್ಕೆ ತಾಗುವವರೆಗೆ ಒತ್ತಿ ನೋಡಿ. ಸ್ಪೋರ್ಟ್‌ನಲ್ಲಿ ಏನು ಸಿಗುತ್ತೋ ಹತ್ತಿರ ಹತ್ತಿರ ಅದೇ ಸಿಗುತ್ತದೆ. ನಿಮಗೆ ಗೊತ್ತಾಗಿರಲಿಲ್ಲ ಅಷ್ಟೇ, ಯಾಕೆಂದರೆ ಎಂಟು ತಿಂಗಳಲ್ಲಿ ನೀವು ಒಂದು ಸಲವೂ ಪೂರ್ತಿ ಒತ್ತಿಲ್ಲ.

ನಿಮ್ಮ ಮಾವನವರ 800ರಲ್ಲಿ ಪೆಡಲ್‌ಗೂ ಕಾರ್ಬ್ಯುರೇಟರ್‌ಗೂ ನಡುವೆ ಒಂದು ಕೇಬಲ್ ಇರುತ್ತಿತ್ತು. ಕಾಲು ಎಷ್ಟು ಇಳಿಯಿತೋ ಅಷ್ಟು ಗಾಳಿ ಬಾಗಿಲು ತೆರೆಯುತ್ತಿತ್ತು. ಲೆಕ್ಕ ನೇರ. ಈಗ ಕೇಬಲ್ ಇಲ್ಲ. ಪೆಡಲ್ ಕೆಳಗೆ ಒಂದು ಸೆನ್ಸರ್ ಇದೆ. "ಈ ಮನುಷ್ಯ ಇಷ್ಟು ಒತ್ತಿದ್ದಾನೆ" ಅಂತ ಅದು ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ ಹೇಳುತ್ತದೆ. ಬಾಗಿಲು ಎಷ್ಟು ತೆರೆಯಬೇಕು ಅಂತ ಇಸಿಯು ತೀರ್ಮಾನ ಮಾಡುತ್ತದೆ. ನಾರ್ಮಲ್‌ನಲ್ಲಿ ಕಾಲು ಭಾಗ ಒತ್ತಿದರೆ ಜಿಪುಣನ ಥರ ಸ್ವಲ್ಪವೇ ತೆರೆಯುತ್ತದೆ. ಸ್ಪೋರ್ಟ್‌ನಲ್ಲಿ ಅದೇ ಕಾಲು ಭಾಗಕ್ಕೆ ಧಾರಾಳವಾಗಿ ತೆರೆಯುತ್ತದೆ. ಮೇಲಿನ ನೀರಿನ ಟ್ಯಾಂಕ್ ಅದೇ, ಪೈಪ್ ಅದೇ. ನಲ್ಲಿ ಮಾತ್ರ ಅರ್ಧ ಸುತ್ತಿಗೇ ಪೂರ್ತಿ ಬಿಟ್ಟುಕೊಳ್ಳುತ್ತದೆ.

ಎರಡನೆಯದು ಗೇರ್‌ಬಾಕ್ಸ್. ಆಟೊಮ್ಯಾಟಿಕ್ ಕಾರಿನಲ್ಲಿ ನಿಜವಾದ ವ್ಯತ್ಯಾಸ ಇರುವುದು ಇಲ್ಲಿ. ಸಿವಿಟಿ ಒಳಗೆ ಒಂದು, ಎರಡು, ಮೂರು ಅಂತ ಬದಲಿಸುವ ಹಲ್ಲಿನ ಗೇರುಗಳಿಲ್ಲ. ಅಗಲ ಬದಲಾಯಿಸುವ ಎರಡು ಪುಲ್ಲಿ, ನಡುವೆ ಒಂದು ಉಕ್ಕಿನ ಬೆಲ್ಟು. ನಾರ್ಮಲ್‌ನಲ್ಲಿ ಅದು ಪೆಟ್ರೋಲ್ ಉಳಿಸಲು ಎಂಜಿನ್ನನ್ನು 1,500 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಆಸುಪಾಸಿನಲ್ಲಿ ತೂಗಿಸಿಕೊಂಡು ಹೋಗುತ್ತದೆ. ಅಷ್ಟರಲ್ಲಿ ನಿಮ್ಮ ಟರ್ಬೊ ಇನ್ನೂ ಅರೆನಿದ್ದೆಯಲ್ಲಿರುತ್ತದೆ. ಅದು ಎದ್ದು ಕೂರುವುದು 2,000ದ ಹತ್ತಿರ. ಸ್ಪೋರ್ಟ್ ಒತ್ತಿದರೆ ಗೇರ್‌ಬಾಕ್ಸು ಕಾರು ಓಡುತ್ತಿರುವಾಗ ಎಂಜಿನ್ನನ್ನು ಅದಕ್ಕಿಂತ ಕೆಳಗೆ ಅಷ್ಟಾಗಿ ಬಿಡುವುದಿಲ್ಲ. ಟರ್ಬೊ ಸದಾ ಎಚ್ಚರ. ಕಾಲಿಟ್ಟರೆ ಸಾಕು, ತಕ್ಷಣ ಎಳೆಯುತ್ತದೆ. ನಿಮಗೆ ಹಾರಿದ ಹಾಗೆ ಕಂಡದ್ದು ಇದೇ.

ಮೂರನೆಯದು ಸ್ಟೀರಿಂಗ್. ಕೆಲವು ಕಾರಿನಲ್ಲಿ ಕರೆಂಟ್ ಮೋಟರಿನ ಸಹಾಯ ಸ್ವಲ್ಪ ಕಡಿಮೆ ಮಾಡಿ ಭಾರ ಮಾಡುತ್ತಾರೆ. ಸಸ್ಪೆನ್ಷನ್, ಬ್ರೇಕ್, ಟೈರು ಯಾವುದೂ ಬದಲಾಗಲ್ಲ. ಇದನ್ನು ನೆನಪಿಡಿ. ಕಾರು ಚುರುಕಾಯಿತು ಅಂತ ತಿರುವಿನಲ್ಲಿ ಜಾಸ್ತಿ ಅಂಟಿಕೊಳ್ಳುವುದಿಲ್ಲ.

ಬನಶಂಕರಿ_ಸಿವಿಟಿ | ಸೋಮವಾರ, ರಾತ್ರಿ 10:41

ಅಂದರೆ ನನಗೆ ಮೋಸ ಆಯಿತು ಅಂತ ಅರ್ಥವಾ? ನನ್ನದೇ ದುಡ್ಡನ್ನು ನನಗೇ ಬಡ್ಡಿ ಅಂತ ಕೊಟ್ಟ ಹಾಗೆ.

ಗ್ಯಾರೇಜ್_ಗ್ರೀಸ್ | ಸೋಮವಾರ, ರಾತ್ರಿ 10:47

ಹಾಗಲ್ಲ. ನಾರ್ಮಲ್‌ನಲ್ಲಿ ಬೀರುವಿನಲ್ಲಿಟ್ಟ ದುಡ್ಡು, ಸ್ಪೋರ್ಟ್‌ನಲ್ಲಿ ಜೇಬಿನಲ್ಲಿಟ್ಟ ದುಡ್ಡು. ಜೇಬಿನಲ್ಲಿದ್ದರೆ ಬೇಗ ಖರ್ಚಾಗುತ್ತೆ, ನಿಮ್ಮ ಮೈಲೇಜ್ ನೋಡಿ. ಆದರೆ ಅರ್ಜೆಂಟಿಗೆ ಕೈಗೆ ಸಿಗುವುದೂ ಅದೇ.

ಇನ್ನೊಂದು. ಮಾರ್ಕೆಟ್ಟಿನಲ್ಲಿ ಪೆಡಲ್‌ಗೆ ಸಿಕ್ಕಿಸುವ ಒಂದು ಡಬ್ಬಿ ಮಾರುತ್ತಾರೆ, ಥ್ರಾಟಲ್ ಕಂಟ್ರೋಲರ್ ಅಂತ. ಅದು ಮಾಡುವುದೂ ಇದನ್ನೇ. ಸೆನ್ಸರ್ ಹೇಳುವ ಮಾತನ್ನು ಸ್ವಲ್ಪ ಉಬ್ಬಿಸಿ ಇಸಿಯುಗೆ ಹೇಳುತ್ತದೆ. ಬಟನ್ ಇರುವ ಕಾರಿಗೆ ಅದು ಬೇಡವೇ ಬೇಡ.

ಟೊರಿನೊ_ಕನ್ನಡಿಗ | ಮಂಗಳವಾರ, ಬೆಳಗಿನ ಜಾವ 2:15

ಇಲ್ಲಿ ಇಟಲಿಯ ಟೊರಿನೊದಲ್ಲಿ ಇನ್ನೂ ರಾತ್ರಿ, ಅದಕ್ಕೇ ಎದ್ದಿದ್ದೇನೆ.

ಗ್ರೀಸ್ ಅವರ ಮಾತು ಸರಿ, ಆದರೆ ಎಲ್ಲಾ ಪುಟ್ಟ ಕಾರಿಗೂ ಅಲ್ಲ. ಈ ಊರಿನ ಫಿಯೆಟ್ 500 ಗೊತ್ತಲ್ಲ. ಅದರ ತುಂಟ ತಮ್ಮ ಅಬಾರ್ತ್ 500. 135 ಕುದುರೆ ಶಕ್ತಿ. ನಾರ್ಮಲ್‌ನಲ್ಲಿ 180 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್, ಅಂದರೆ ತಿರುಗಿಸುವ ಬಲ; ಸ್ಪೋರ್ಟ್ ಬಟನ್ ಒತ್ತಿದರೆ 206. ಅಲ್ಲಿ ಟರ್ಬೊ ಒತ್ತಡವನ್ನೇ ಏರಿಸುತ್ತಾರೆ. ಅಂದರೆ ಬಟನ್ನು ನಿಜವಾಗಿಯೂ ಹೊಸ ಟಾರ್ಕ್ ತಂದುಕೊಡುತ್ತದೆ. ಅದರ ಅಣ್ಣ 595 ಕಾಂಪೆಟಿಜಿಯೋನೆ 2015ರಲ್ಲಿ ಭಾರತಕ್ಕೂ ಬಂದಿತ್ತು. ಬೆಂಗಳೂರಿನಲ್ಲಿ ಒಂದೆರಡು ಕಂಡವರು ಇಲ್ಲಿ ಇರಬಹುದು. ಗಾತ್ರ ನೋಡಿ ಆಟಿಕೆ ಅಂದುಕೊಳ್ಳುವಷ್ಟರಲ್ಲಿ ಶಬ್ದ ಎದೆಗೆ ಬಡಿಯುತ್ತದೆ.

ತಮಾಷೆ ಏನೆಂದರೆ, ಮಾಮೂಲಿ ಫಿಯೆಟ್ 500ರಲ್ಲಿ ಇದಕ್ಕೆ ಉಲ್ಟಾ ಒಂದು ಬಟನ್ ಇದೆ, ಸಿಟಿ ಅಂತ. ಒತ್ತಿದರೆ ಸ್ಟೀರಿಂಗ್ ಬೆಣ್ಣೆ ಆಗುತ್ತದೆ, ಪಾರ್ಕ್ ಮಾಡಲು. ಈ ಊರಿನ ಗಲ್ಲಿಗಳಲ್ಲಿ ದಿನಾ ಕೆಲಸಕ್ಕೆ ಬರುವ ಬಟನ್ ಅದೇ.

ಗ್ಯಾರೇಜ್_ಗ್ರೀಸ್ | ಮಂಗಳವಾರ, ಬೆಳಿಗ್ಗೆ 7:05

ಒಪ್ಪಿದೆ. ನಮ್ಮಲ್ಲೂ 2018ರ ಟಾಟಾ ಟಿಯಾಗೊ ಜೆಟಿಪಿಯಲ್ಲಿ ಸಿಟಿ, ಸ್ಪೋರ್ಟ್ ಅಂತ ಎರಡು ಮೋಡ್ ಇತ್ತು. 1.2 ಟರ್ಬೊ, 114 ಕುದುರೆ ಶಕ್ತಿ. ಅಷ್ಟು ಪುಟ್ಟ ಕಾರಿಗೆ ಅದು ಸಾಸಿವೆ ಒಗ್ಗರಣೆ. ಹೆಚ್ಚು ದಿನ ಮಾರಲಿಲ್ಲ, ಪಾಪ.

ಹಳೇ_ಪೋಲೊ | ಮಂಗಳವಾರ, ಬೆಳಿಗ್ಗೆ 8:20

ನನ್ನದು 1.2 ಟಿಎಸ್‌ಐ (ಟರ್ಬೊ ಪೆಟ್ರೋಲ್) ಪೋಲೊ, 7 ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್. 105 ಕುದುರೆ ಶಕ್ತಿ, 175 ಎನ್‌ಎಂ. ಬಟನ್ ಇಲ್ಲ, ಗೇರ್ ಲಿವರನ್ನೇ ಡಿಯಿಂದ (ಡ್ರೈವ್) ಎಸ್‌ಗೆ (ಸ್ಪೋರ್ಟ್) ಎಳೆಯಬೇಕು.

ಡಿಯಲ್ಲಿ ಈ ಗೇರ್‌ಬಾಕ್ಸಿಗೆ ಮೇಲಿನ ಗೇರಿಗೆ ಹೋಗುವ ಹುಚ್ಚು. 60ರ ವೇಗಕ್ಕೆಲ್ಲ ಮೇಲ್ಮಹಡಿ ಹತ್ತಿ ಕೂತಿರುತ್ತದೆ. ಲಾರಿ ಹಿಂದಿಕ್ಕಲು ಕಾಲಿಟ್ಟರೆ ಅಲ್ಲಿಂದ ಮೆಟ್ಟಿಲಿಳಿದು ಬರಬೇಕು. ಒಂದು ಕ್ಷಣ ಏನೂ ಆಗಲ್ಲ, ಆಮೇಲೆ ಎಲ್ಲವೂ ಒಟ್ಟಿಗೇ ಆಗುತ್ತೆ. ಎಸ್‌ನಲ್ಲಿ ಈ ತೊಂದರೆ ಇಲ್ಲ, ಕೆಳಗಿನ ಗೇರಿನಲ್ಲೇ ಕಾಯುತ್ತಿರುತ್ತದೆ. ಹಾಗಂತ ಹೈವೇಯಲ್ಲಿ 80ರಲ್ಲಿ ಸಮವಾಗಿ ಹೋಗುವಾಗ ಎಸ್ ಹಾಕಿದರೆ ಪಾಪ ಎಂಜಿನ್ನು ಸುಮ್ನೆ ಗುಂಯ್‌ಗುಡುತ್ತಿರುತ್ತದೆ. ತಲೆನೋವು. ನನ್ನ ಪ್ರಕಾರ ಎಸ್ ಅನ್ನುವುದು ಉಪ್ಪಿನಕಾಯಿ, ಅದನ್ನೇ ಊಟ ಮಾಡಬಾರದು.

ಎಎಂಟಿ_ಅಕ್ಕ | ಮಂಗಳವಾರ, ಬೆಳಿಗ್ಗೆ 11:10

ಟರ್ಬೊ ಇಲ್ಲದವರ ಮಾತನ್ನೂ ಕೇಳ್ರಿ ಸ್ವಲ್ಪ. ನನ್ನದು 1.2 ಪೆಟ್ರೋಲ್, ಎಎಂಟಿ. ಹುಬ್ಬಳ್ಳಿ–ಧಾರವಾಡ ದಿನಾ ಓಡಾಟ.

ಎಎಂಟಿ ಅಂದರೆ ಒಳಗಿರುವುದು ಮಾಮೂಲಿ ಮ್ಯಾನ್ಯುವಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವುದು, ಗೇರ್ ಹಾಕುವುದು ನಮ್ಮ ಬದಲು ಒಂದು ಯಂತ್ರ. ಆ ಯಂತ್ರಕ್ಕೆ ಅವಸರ ಅನ್ನುವುದೇ ಗೊತ್ತಿಲ್ಲ. ಗೇರ್ ಬದಲಿಸುವಾಗ ಒಂದು ಸಲ ಎಲ್ಲರ ತಲೆಯೂ "ಹೌದ್ರಿ" ಅನ್ನುತ್ತದೆ. ಸ್ಪೋರ್ಟ್ ಹಾಕಿದರೆ ಆ ತಲೆ ಅಲ್ಲಾಡುವುದು ಕಡಿಮೆ ಆಗಲ್ಲ, ಇನ್ನೂ ಜೋರಾಗುತ್ತೆ. ಆದರೆ ಗೇರ್ ಬದಲಾಗುವುದು ತಡವಾಗಿ, ಎಂಜಿನ್ ಪೂರ್ತಿ ತಿರುಗಿದ ಮೇಲೆ. ಟರ್ಬೊ ಇಲ್ಲದ ಪುಟ್ಟ ಎಂಜಿನ್ನಿಗೆ ಶಕ್ತಿ ಇರುವುದೇ ಮೇಲಿನ ಆರ್‌ಪಿಎಂನಲ್ಲಿ. ಹಾಗಾಗಿ ನಮ್ಮಂಥವರಿಗೆ ಈ ಬಟನ್ ಶೋಕಿ ಅಲ್ಲ, ಊರುಗೋಲು.

ನಾನು ನಮ್ಮ ಬೈಪಾಸನ್ನು ಎರಡೇ ಲೇನ್ ಇದ್ದ ಕಾಲದಿಂದ ಓಡಿಸಿದ್ದೇನೆ. ಅಲ್ಲಿ ಕಲಿತದ್ದು ಒಂದೇ. ಲಾರಿ ಹಿಂದಿಕ್ಕಬೇಕಾದರೆ ಬಟನ್ನನ್ನು ಲಾರಿಯ ಹಿಂದೆ ಇರುವಾಗಲೇ ಒತ್ತಬೇಕು. ಎದುರು ಲೇನಿಗೆ ಬಂದ ಮೇಲೆ ಅಲ್ಲ. ಬಲಕ್ಕೆ ಬಂದು, ಕಾಲು ಒತ್ತಿ, ಗೇರ್‌ಬಾಕ್ಸ್ ಯೋಚನೆ ಮಾಡುವ ಆ ಒಂದು ಸೆಕೆಂಡು ಇದೆಯಲ್ಲ, ಅದು ಜೀವಮಾನದ ಉದ್ದದ ಸೆಕೆಂಡು. ಎದುರಿನ ಬಸ್ಸಿನ ಲೈಟು ಆ ಸೆಕೆಂಡಿನಲ್ಲಿ ದೊಡ್ಡದಾಗುತ್ತಲೇ ಇರುತ್ತದೆ. ಜಾಗ ಇಲ್ಲ ಅಂದರೆ ಯಾವ ಮೋಡ್ ಹಾಕಿದರೂ ಜಾಗ ಹುಟ್ಟಲ್ಲ, ಅದು ಬೇರೆ ಮಾತು.

ಹಿಂದಿನ_ಸೀಟು | ಮಂಗಳವಾರ, ಮಧ್ಯಾಹ್ನ 1:30

ಡ್ರೈವಿಂಗ್ ಸೀಟಿನವರೇ ಮಾತಾಡುತ್ತಿದ್ದೀರಿ. ನಮ್ಮ ಕಷ್ಟವನ್ನೂ ಕೇಳಿ. ನಮ್ಮ ಯಜಮಾನರು ಸ್ಪೋರ್ಟ್ ಹಾಕಿಕೊಂಡು ಮಡಿಕೇರಿಗೆ ಕರೆದುಕೊಂಡು ಹೋದರು. ಪ್ರತಿ ತಿರುವಿನಲ್ಲೂ ಜಗ್ಗುವುದು, ಬಿಡುವುದು, ಜಗ್ಗುವುದು, ಬಿಡುವುದು. ಕುಶಾಲನಗರದಲ್ಲಿ ತಿಂದ ಇಡ್ಲಿ ಮಡಿಕೇರಿಯವರೆಗೆ ನಿಲ್ಲಲಿಲ್ಲ. ಅತ್ತೆ ನಿಂಬೆಹಣ್ಣು ಮೂಸುತ್ತಾ ದೇವರ ಹೆಸರು ಹೇಳುತ್ತಿದ್ದರು. ಇವರು ಮಾತ್ರ "ಎಷ್ಟು ಸ್ಮೂತ್ ಅಲ್ವಾ" ಅನ್ನುತ್ತಿದ್ದರು.

ಹಿರಿಯರನ್ನು ಕೂರಿಸಿಕೊಂಡಿದ್ದರೆ ದಯವಿಟ್ಟು ಕಾಲು ಹಗುರ ಇಡಿ.

ಹೆಬ್ಬಾಳ_ಜಾಮ್ | ಮಂಗಳವಾರ, ಮಧ್ಯಾಹ್ನ 1:34

ಆ ಯಜಮಾನರು ಈ ಗುಂಪಿನಲ್ಲಿ ಇದ್ದರೆ ಕೈ ಎತ್ತಬೇಕು.

ಬ್ಯಾಟರಿ_ಬಂಡಿ | ಮಂಗಳವಾರ, ಸಂಜೆ 6:00

ಎಲೆಕ್ಟ್ರಿಕ್ ಕಾರಿನಲ್ಲಿ ಈ ಕಥೆ ಪೂರ್ತಿ ಬೇರೆ. ನನ್ನದು 24 ಕಿಲೋವ್ಯಾಟ್ ಅವರ್ ಬ್ಯಾಟರಿಯ ಟಿಯಾಗೊ ಇವಿ. ಸಿಟಿ, ಸ್ಪೋರ್ಟ್, ಎರಡೇ ಮೋಡ್. 75 ಕುದುರೆ ಶಕ್ತಿ, 114 ಎನ್‌ಎಂ. ಕಂಪನಿ ಲೆಕ್ಕದಲ್ಲಿ 0ಯಿಂದ 60ಕ್ಕೆ 5.7 ಸೆಕೆಂಡು. ಸಿಟಿ ಮೋಡಿನಲ್ಲಿ ಅದು ಹಾಲಿನವನ ಸೈಕಲ್ ಥರ ಸಾಧು. ಸ್ಪೋರ್ಟ್‌ಗೆ ಹಾಕಿದ ತಕ್ಷಣ ಕಿವಿ ನೆಟ್ಟಗೆ ಮಾಡುತ್ತದೆ. ಇಲ್ಲಿ ಗೇರ್ ಬದಲಿಸುವುದೂ ಇಲ್ಲ, ಟರ್ಬೊ ಏಳುವವರೆಗೆ ಕಾಯುವುದೂ ಇಲ್ಲ. ಮೋಟರಿಗೆ ಎಷ್ಟು ಕರೆಂಟು ಬಿಡಬೇಕು ಅನ್ನುವುದೇ ಎಲ್ಲ.

ಎಂಜಿ ಕಾಮೆಟ್‌ನಂಥ ಗುಬ್ಬಚ್ಚಿ ಕಾರಿಗೂ ಸ್ಪೋರ್ಟ್ ಮೋಡ್ ಕೊಟ್ಟಿದ್ದಾರೆ ನೋಡಿ. 42 ಕುದುರೆ ಶಕ್ತಿ. ಇದನ್ನು ಕೇಳಿ ನಗಬೇಡಿ, ಸಿಗ್ನಲ್ಲಿನಲ್ಲಿ ಆಟೊಗಳ ನಡುವಿನಿಂದ ಹೊರಬರಲು ಅಷ್ಟು ಸಾಕು.

ಘಾಟಿ ಇಳಿಯುವ ಇವಿಯವರಿಗೆ ಒಂದು ಮಾತು. ನಮ್ಮಲ್ಲಿ ಬ್ರೇಕಿನ ಅರ್ಧ ಕೆಲಸ ಮಾಡುವುದು ರೀಜೆನ್. ಕಾಲು ತೆಗೆದರೆ ಮೋಟರೇ ಡೈನಮೊ ಆಗಿ ಬ್ಯಾಟರಿ ತುಂಬಿಸುತ್ತದೆ. ಆದರೆ ಬ್ಯಾಟರಿ ಆಗಲೇ ತುಂಬಿದ್ದರೆ ಆ ಕರೆಂಟು ಎಲ್ಲಿಗೆ ಹೋಗಬೇಕು? ಹಾಗಾಗಿ ಮೂಡಿಗೆರೆಯಲ್ಲಿ 100ರವರೆಗೆ ಚಾರ್ಜ್ ಮಾಡಿ ಇಳಿಯಲು ಹೊರಟರೆ ಮೊದಲ ಕೆಲವು ತಿರುವುಗಳಲ್ಲಿ ರೀಜೆನ್ ಸರಿಯಾಗಿ ಸಿಗಲ್ಲ. ಘಾಟಿ ಮೇಲೆ ಸ್ವಲ್ಪ ಖಾಲಿ ಇಟ್ಟುಕೊಂಡೇ ಹೊರಡಿ.

ಲೆಕ್ಕದ_ಪುಸ್ತಕ | ಮಂಗಳವಾರ, ರಾತ್ರಿ 8:45

ಮೈಲೇಜ್ ವಿಷಯ. ಡಿಸ್‌ಪ್ಲೇ ತೋರಿಸುವುದನ್ನು ನಂಬಬೇಡಿ, ಟ್ಯಾಂಕ್‌ನಿಂದ ಟ್ಯಾಂಕ್‌ಗೆ ಲೆಕ್ಕ ಹಾಕಿ. ನಾನು ಒಂದು ತಿಂಗಳು ನಾರ್ಮಲ್, ಒಂದು ತಿಂಗಳು ಸ್ಪೋರ್ಟ್ ಓಡಿಸಿ ಬರೆದಿಟ್ಟಿದ್ದೆ. ಅದೇ ರಸ್ತೆ, ಅದೇ ಬಂಕು. ಸಿಟಿಯೊಳಗೆ ನನಗೆ ಲೀಟರಿಗೆ 2 ಕಿ.ಮೀ. ಕಡಿಮೆ ಬಂತು. ಆದರೆ ಮೈಸೂರು ರಸ್ತೆಯಲ್ಲಿ 90ರಲ್ಲಿ ಸಮವಾಗಿ ಹೋದಾಗ ವ್ಯತ್ಯಾಸ ಇನ್ನೂ ಜಾಸ್ತಿ. ಕಾರಣ ಹಳೇ ಪೋಲೊ ಹೇಳಿದ್ದೇ, ಎಂಜಿನ್ ಬೇಡದೆ ತಿರುಗುತ್ತಿರುತ್ತದೆ. ಆ ರಸ್ತೆಯಲ್ಲಿ ಮಿತಿ 100. ತಲೆ ಮೇಲೆ ಕ್ಯಾಮೆರಾ ಸಾಲು. ಅಲ್ಲಿ ಸ್ಪೋರ್ಟ್ ಹಾಕಿ ಏನು ಗೆಲ್ಲಬೇಕು? ಟೋಲ್ ದಾಟಿ ವೇಗ ಹಿಡಿಯುವಾಗ, ಸರ್ವಿಸ್ ರಸ್ತೆಯಿಂದ ಮುಖ್ಯ ರಸ್ತೆಗೆ ಸೇರುವಾಗ ಹತ್ತು ಸೆಕೆಂಡು ಬೇಕಾಗುತ್ತೆ. ಆಮೇಲೆ ತೆಗೆದುಬಿಡಿ.

ಒಂದು ಪೂರಕ ಪ್ರಶ್ನೆ. ಸ್ಪೋರ್ಟ್‌ನಲ್ಲಿ ಓಡಿಸುವವರು ಜಾಸ್ತಿ ಆಕ್ಟೇನಿನ, ಅಂದರೆ ತಾನಾಗಿ ಬೇಗ ಹೊತ್ತಿಕೊಳ್ಳದ ಪ್ರೀಮಿಯಂ ಪೆಟ್ರೋಲ್ ಹಾಕಬೇಕಾ? ನಮ್ಮ ಬಂಕಿನ ಹುಡುಗ ಕಂಡಾಗಲೆಲ್ಲ ಪವರ್ ಹಾಕ್ಲಾ ಸಾರ್ ಅನ್ನುತ್ತಾನೆ.

ಗ್ಯಾರೇಜ್_ಗ್ರೀಸ್ | ಮಂಗಳವಾರ, ರಾತ್ರಿ 9:30

ಮೋಡ್‌ಗೂ ಆಕ್ಟೇನ್‌ಗೂ ಸಂಬಂಧ ಇಲ್ಲ. ಪೆಟ್ರೋಲ್ ಮುಚ್ಚಳದ ಒಳಗೆ ಏನು ಬರೆದಿದೆಯೋ ಅದನ್ನು ಹಾಕಿ. ಸಾಮಾನ್ಯ ಪೆಟ್ರೋಲಿಗೇ ಟ್ಯೂನ್ ಮಾಡಿದ ಕಾರಿಗೆ ಅದೇ ಸಾಕು.

ಈಗ ಮಾವನವರ ವಿಷಯಕ್ಕೆ ಬರುತ್ತೇನೆ. ಅವರ ಕಾಲಕ್ಕೆ ಅವರು ಹೇಳಿದ್ದು ತಪ್ಪಲ್ಲ. ಆದರೆ ಈಗಿನ ಆಟೊಮ್ಯಾಟಿಕ್ ಕಾರಿನ ಇಸಿಯು ಎಂಜಿನ್ನನ್ನು ಮಿತಿ ದಾಟಲು ಬಿಡುವುದೇ ಇಲ್ಲ. 4,000 ಆರ್‌ಪಿಎಂ ತೋರಿಸಿತು ಅಂತ ಹೆದರಬೇಡಿ, ಕೆಂಪು ಗೆರೆ ಅದಕ್ಕಿಂತ ಎಷ್ಟೋ ಮೇಲಿದೆ. ನಿಜ ಹೇಳಬೇಕೆಂದರೆ ಟರ್ಬೊ ಎಂಜಿನ್ನಿಗೆ ಕಿರುಚಾಟಕ್ಕಿಂತ ಮುಲುಕಾಟ ಕೆಟ್ಟದ್ದು. ಮ್ಯಾನ್ಯುವಲ್ ಟರ್ಬೊ ಕಾರಿನವರು ಇದನ್ನು ಗಮನಿಸಿ. ಐದನೇ ಗೇರಿನಲ್ಲಿ 1,200 ಆರ್‌ಪಿಎಂ ಇಟ್ಟುಕೊಂಡು, ಐದು ಜನ ಕೂರಿಸಿಕೊಂಡು, ಏರಿನಲ್ಲಿ ಪೆಡಲ್ ಪೂರ್ತಿ ಒತ್ತಬೇಡಿ. ಕಡಿಮೆ ತಿರುಗಾಟ, ಜಾಸ್ತಿ ಭಾರ. ಆಗ ಸಿಲಿಂಡರಿನ ಒಳಗೆ ಪೆಟ್ರೋಲ್ ಸ್ಪಾರ್ಕಿಗಿಂತ ಮೊದಲೇ ಹೊತ್ತಿಕೊಳ್ಳುವ ಸಾಧ್ಯತೆ ಇರುತ್ತದೆ. ಪಿಸ್ಟನ್ ಮೇಲೆ ಬರುತ್ತಿರುವಾಗಲೇ ಅದರ ತಲೆ ಮೇಲೆ ಸುತ್ತಿಗೆ ಹೊಡೆದ ಹಾಗೆ. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ) ಟರ್ಬೊಗಳಲ್ಲಿ ಇದರಿಂದ ಪಿಸ್ಟನ್ ಒಡೆದದ್ದೂ ಇದೆ.

ಹಾಳಾಗುವುದು ಎಲ್ಲಿ ಅಂದರೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಸ್ಪೋರ್ಟ್ ಹಾಕಿ ಜಗ್ಗಿದರೆ. ಆಯಿಲ್ ಇನ್ನೂ ತಣ್ಣಗಿರುತ್ತದೆ. ಮೊದಲ ಐದು ನಿಮಿಷ ಸಾಧುವಾಗಿ ಹೋಗಿ. ಘಾಟಿ ಹತ್ತಿ ಮೇಲೆ ಬಂದ ತಕ್ಷಣ ಎಂಜಿನ್ ಆಫ್ ಮಾಡಬೇಡಿ. ಅರ್ಧ ನಿಮಿಷ ಹಾಗೇ ಬಿಟ್ಟರೆ ಟರ್ಬೊ ಸ್ವಲ್ಪ ತಣಿಯುತ್ತದೆ. ಅಷ್ಟೇ ಉಪಚಾರ.

ಘಟ್ಟದ_ಮಂಜು | ಬುಧವಾರ, ಬೆಳಿಗ್ಗೆ 6:15

ಎಲ್ಲರೂ ಹತ್ತುವುದರ ಬಗ್ಗೆಯೇ ಬರೆದಿದ್ದೀರಿ. ಬನಶಂಕರಿಯವರೇ, ನೀವು ಬೆಂಗಳೂರಿನಿಂದ ಹೊರಡುವುದಲ್ವಾ? ಹಾಗಾದರೆ ಹೋಗುವಾಗ ನಿಮಗೆ ಚಾರ್ಮಾಡಿ ಇಳಿಜಾರು. ಕೊಟ್ಟಿಗೆಹಾರದಿಂದ ಕೆಳಗೆ ಇಳಿಯುತ್ತಾ ಹೋಗುವುದು. ಹತ್ತುವುದು ವಾಪಸ್ ಬರುವಾಗ.

ನಾನು ಈ ಕಡೆಯವನು. ಮಳೆಗಾಲದಲ್ಲಿ ಪ್ರತಿ ವರ್ಷ ನೋಡುವ ದೃಶ್ಯ ಇದು. ಬೆಂಗಳೂರು ನಂಬರಿನ ಆಟೊಮ್ಯಾಟಿಕ್ ಕಾರು. ಡಿಯಲ್ಲೇ ಇಳಿಯುತ್ತಾರೆ. ಎಂಜಿನ್ ಹಿಡಿಯುವುದಿಲ್ಲ, ಕಾರು ಜಾರಿಕೊಂಡು ಹೋಗುತ್ತದೆ. ಹಾಗಾಗಿ ಬ್ರೇಕ್ ಮೇಲೆ ಕಾಲು ಇಟ್ಟವರು ತೆಗೆಯುವುದೇ ಇಲ್ಲ. ಹಿಂದೆ ಬರುವ ನಮಗೆ ಅವರ ಕೆಂಪು ಲೈಟು ಆರುವುದೇ ಕಾಣಲ್ಲ. ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ನಿಲ್ಲಿಸುವಷ್ಟರಲ್ಲಿ ಚಕ್ರದಿಂದ ಸುಟ್ಟ ವಾಸನೆ. ಇನ್ನೂ ಇಳಿದರೆ ಪೆಡಲ್ ಒತ್ತಿದರೂ ಹಿಡಿತ ಕಡಿಮೆ ಆಗುತ್ತಾ ಹೋಗುತ್ತದೆ. ಪುಟ್ಟ ಕಾರಿಗೆ ಹಿಂದೆ ಡ್ರಮ್ ಬ್ರೇಕು ಬೇರೆ, ಬೇಗ ತಣಿಯಲ್ಲ.

ನಿಮ್ಮ ಸ್ಪೋರ್ಟ್ ಬಟನ್ನಿನ ನಿಜವಾದ ಕೆಲಸ ಇಲ್ಲಿದೆ. ಇಳಿಯುವಾಗ ಒತ್ತಿ. ವೇಗವಾಗಿ ಹೋಗಲು ಅಲ್ಲ, ನಿಧಾನ ಹೋಗಲು. ಸ್ಪೋರ್ಟ್‌ನಲ್ಲಿ ಗೇರ್‌ಬಾಕ್ಸು ಎಂಜಿನ್ನನ್ನು ಮೇಲಿನ ಆರ್‌ಪಿಎಂನಲ್ಲಿ ಹಿಡಿದಿಡುತ್ತದೆ ಅಂತ ಗ್ರೀಸ್ ಅವರು ಹೇಳಿದರಲ್ಲ. ಕಾಲು ತೆಗೆದರೆ ಅದೇ ಎಂಜಿನ್ನು ಕಾರನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ತಿರುವಿಗೆ ಮೊದಲು ಬ್ರೇಕ್ ಗಟ್ಟಿಯಾಗಿ ಒಂದು ಸಲ ಒತ್ತಿ ಬಿಡಿ. ಉಳಿದದ್ದನ್ನು ಎಂಜಿನ್ ನೋಡಿಕೊಳ್ಳುತ್ತದೆ. ಅದೂ ಸಾಲದಂಥ ಇಳಿಜಾರು ಸಿಕ್ಕರೆ, ನಿಮ್ಮ ಕಾರಿನಲ್ಲಿ ಎಲ್ (ಲೋ ಗೇರ್) ಇದ್ದರೆ ಅದಕ್ಕೆ ಹಾಕಿ.

ಮಳೆ ಇದ್ದರೆ ಮಾತ್ರ ಹುಷಾರು. ನೀರಿನ ಮೇಲೆ, ಎಲೆ ಬಿದ್ದ ತಿರುವಿನಲ್ಲಿ ಸ್ಪೋರ್ಟ್ ಇಟ್ಟು ಒಮ್ಮೆಲೇ ಕಾಲು ಒತ್ತಿದರೆ ಮುಂದಿನ ಚಕ್ರ ಗಿರ್ರನೆ ತಿರುಗುತ್ತದೆ. ಹತ್ತುವಾಗ ಮಳೆ ಬಂದರೆ ನಾರ್ಮಲ್ಲೇ ಒಳ್ಳೆಯದು.

ಪೈಸಾ_ವಸೂಲ್ | ಬುಧವಾರ, ಬೆಳಿಗ್ಗೆ 9:00

ಇಷ್ಟೆಲ್ಲ ಯಾಕೆ ಸ್ವಾಮಿ? ನಾನು ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿಬಿಡುತ್ತೇನೆ. ಹದಿನೈದು ವರ್ಷದಿಂದ ಹೀಗೇ. ಪುಕ್ಕಟೆ 20 ಕಿಲೋಮೀಟರ್. ಪೆಟ್ರೋಲ್ ರೇಟು ನೋಡಿದ್ದೀರಾ?

ಘಟ್ಟದ_ಮಂಜು | ಬುಧವಾರ, ಬೆಳಿಗ್ಗೆ 9:04

ದಯವಿಟ್ಟು ನಮ್ಮ ಕಡೆ ಬರುವಾಗ ಮೊದಲೇ ತಿಳಿಸಿ. ನಾನು ಅವತ್ತು ಮನೆಯಲ್ಲೇ ಇರುತ್ತೇನೆ.

ಗ್ಯಾರೇಜ್_ಗ್ರೀಸ್ | ಬುಧವಾರ, ಬೆಳಿಗ್ಗೆ 9:40

ಪೈಸಾ ಅವರೇ, ಅಪಾಯದ ಮಾತು ಆಮೇಲೆ. ನಿಮ್ಮ ಪೈಸಾ ಲೆಕ್ಕವೇ ತಪ್ಪು. ಕಾರು ಗೇರಿನಲ್ಲಿದ್ದು ನೀವು ಆಕ್ಸಲರೇಟರ್ ಬಿಟ್ಟು ಇಳಿಯುವಾಗ ಇಸಿಯು ಇಂಜೆಕ್ಟರನ್ನು (ಪೆಟ್ರೋಲ್ ಚಿಮ್ಮಿಸುವ ನಳಿಗೆ) ಪೂರ್ತಿ ಮುಚ್ಚುತ್ತದೆ. ಎಂಜಿನ್ನನ್ನು ತಿರುಗಿಸುವುದು ಚಕ್ರಗಳೇ. ಪೆಟ್ರೋಲ್ ಖರ್ಚು ಸೊನ್ನೆ. ನ್ಯೂಟ್ರಲ್ ಹಾಕಿದರೆ ಎಂಜಿನ್ನಿಗೆ ಚಕ್ರದ ಆಸರೆ ತಪ್ಪಿತು. ನಿಂತು ಹೋಗದೆ ಇರಲು ಅದು ಪೆಟ್ರೋಲ್ ಕುಡಿಯಲೇಬೇಕು. ಅಂದರೆ ಹದಿನೈದು ವರ್ಷ ನೀವು ಬ್ರೇಕ್ ಲೈನಿಂಗ್ ಸವೆಸಿ, ಜೀವ ಪಣಕ್ಕಿಟ್ಟು, ಪೆಟ್ರೋಲನ್ನೂ ಜಾಸ್ತಿ ಸುಟ್ಟಿದ್ದೀರಿ. ಕಾರ್ಬ್ಯುರೇಟರ್ ಕಾಲದ ಉಪಾಯ ಇದು, ಇಂಜೆಕ್ಷನ್ ಬಂದ ದಿನವೇ ಸತ್ತಿತು.

ಪೈಸಾ_ವಸೂಲ್ | ಬುಧವಾರ, ಬೆಳಿಗ್ಗೆ 9:58

ಸೊನ್ನೆಯಾ? ನಿಜವಾಗ್ಲೂ?

ಲೆಕ್ಕದ_ಪುಸ್ತಕ | ಬುಧವಾರ, ಬೆಳಿಗ್ಗೆ 10:10

ನಿಜ. ಕ್ಷಣಕ್ಷಣದ ಮೈಲೇಜ್ ತೋರಿಸುವ ಗೆರೆ ಇದ್ದರೆ ನೋಡಿ. ಗೇರಿನಲ್ಲಿ ಇಳಿಯುವಾಗ ಅದು ಕೊನೆಗೆ ಹೋಗಿ ಅಂಟಿಕೊಳ್ಳುತ್ತದೆ. ಹದಿನೈದು ವರ್ಷದ ಲೆಕ್ಕ ಹಾಕಿ ಬೇಜಾರು ಮಾಡಿಕೊಳ್ಳಬೇಡಿ.

ಎಎಂಟಿ_ಅಕ್ಕ | ಬುಧವಾರ, ಮಧ್ಯಾಹ್ನ 12:20

ಘಾಟಿ ಹತ್ತುವ ಎಎಂಟಿ, ಡಿಎಸ್‌ಜಿ ಮಂದಿಗೆ ಒಂದು ಮಾತು ಬಿಟ್ಟುಹೋಗಿತ್ತು. ಏರಿನಲ್ಲಿ ಜಾಮ್ ಆಗಿ ನಿಂತಾಗ ಆಕ್ಸಲರೇಟರ್ ಒತ್ತಿ ಕಾರನ್ನು ಹಿಡಿದಿಡಬ್ಯಾಡ್ರಿ. ಒಳಗೆ ಕ್ಲಚ್ ಉಜ್ಜಿ ಉಜ್ಜಿ ಸುಡುತ್ತದೆ. ಬ್ರೇಕ್ ಹಿಡಿರಿ, ಮುಂದಿನವರು ಒಂದು ಕಾರಿನಷ್ಟು ಜಾಗ ಬಿಟ್ಟ ಮೇಲೆ ಒಮ್ಮೆಲೇ ಹೋಗ್ರಿ. ಇಂಚಿಂಚು ತೆವಳುವುದೇ ಈ ಗೇರ್‌ಬಾಕ್ಸಿಗೆ ಶತ್ರು. ಸ್ಪೋರ್ಟ್‌ನಲ್ಲಿ ತೆವಳುವುದಂತೂ ಬ್ಯಾಡವೇ ಬ್ಯಾಡ.

ಬನಶಂಕರಿ_ಸಿವಿಟಿ | ಮುಂದಿನ ಮಂಗಳವಾರ, ರಾತ್ರಿ 10:05

ಹೋಗಿ ಬಂದೆವು. ಎಲ್ಲರಿಗೂ ದೊಡ್ಡ ನಮಸ್ಕಾರ, ಅದರಲ್ಲೂ ಮಂಜು ಅವರಿಗೆ. ಹೋಗುವಾಗ ಇಳಿಜಾರು ಅನ್ನುವುದೇ ನನ್ನ ತಲೆಗೆ ಹೊಳೆದಿರಲಿಲ್ಲ. ಘಾಟಿ ಅಂದರೆ ಹತ್ತುವುದು ಅಂತಲೇ ಮನಸ್ಸಿನಲ್ಲಿತ್ತು.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು. ಹಿಂದಿನ ಸೀಟು ಅವರ ಇಡ್ಲಿ ನೆನಪಾಗಿ ಎಲ್ಲರಿಗೂ ಎರಡೇ ದೋಸೆ ಅಂತ ಕಟ್ಟಪ್ಪಣೆ ಮಾಡಿದ್ದೆ. ಮಾವ ನಾಲ್ಕು ತಿಂದರು. ಹೊರಗೆ ಬಂದರೆ ಮಂಜು. ಹತ್ತು ಮಾರು ಮುಂದೆ ಏನೂ ಕಾಣಲ್ಲ.

ಇಳಿಯಲು ಶುರು ಮಾಡಿದಾಗ ಮೊದಲ ಎರಡು ತಿರುವು ಡಿಯಲ್ಲೇ ಇಳಿದು ನೋಡಿದೆ, ವ್ಯತ್ಯಾಸ ತಿಳಿಯಲಿ ಅಂತ. ನಿಜ, ಕಾರು ಸುಮ್ನೆ ಜಾರುತ್ತದೆ. ಕಾಲು ತಾನಾಗಿಯೇ ಬ್ರೇಕ್ ಮೇಲೆ ಹೋಗಿ ಕೂರುತ್ತದೆ. ಆಮೇಲೆ ಬಟನ್ ಒತ್ತಿದೆ. ಆರ್‌ಪಿಎಂ ಮುಳ್ಳು ಎದ್ದಿತು, ಎಂಜಿನ್ ಗುಂಯ್ ಅಂದಿತು. ಮಾವ ಪಕ್ಕದಲ್ಲೇ ಕೂತಿದ್ದರು. ನನ್ನ ಕಡೆ ಒಂದು ನೋಟ ಬಿಟ್ಟರು. ನಾನು ಬಾಯಿ ತೆರೆಯಲಿಲ್ಲ.

ನಾಲ್ಕೈದು ತಿರುವು ಆಯಿತು. ಬ್ರೇಕ್ ಮುಟ್ಟುವುದು ತಿರುವಿಗೆ ಒಂದು ಸಲ, ಅಷ್ಟೇ. ಮುಂದೆ ಒಂದು ಕೆಂಪು ಬಸ್ಸು ಹೋಗುತ್ತಿತ್ತು. ಅದರ ಹಿಂದೆ ಸರಿಯಾದ ದೂರದಲ್ಲಿ, ಯಾರೋ ಹಗ್ಗ ಕಟ್ಟಿ ಹಿಡಿದುಕೊಂಡ ಹಾಗೆ ಇಳಿಯುತ್ತಿದ್ದೆವು. ಆಲೇಕಾನ್ ಜಲಪಾತದ ಹತ್ತಿರ ಜನ ಅಡ್ಡಾದಿಡ್ಡಿ ನಿಲ್ಲಿಸಿದ್ದರು, ಅಲ್ಲಿ ಸ್ವಲ್ಪ ಕಿರಿಕಿರಿ. ಗುಡಿ ಹತ್ತಿರ ಇಳಿದು ಚಕ್ರದ ಬಳಿ ಮೂಗಿಟ್ಟು ನೋಡಿದೆ. ಏನೂ ವಾಸನೆ ಇರಲಿಲ್ಲ. ಪಕ್ಕದ ಕಾರಿನ ಹತ್ತಿರ ಇತ್ತು.

ವಾಪಸ್ ಹತ್ತುವಾಗ ಮಳೆ. ನಾರ್ಮಲ್‌ನಲ್ಲೇ ಬಂದೆ. ಒಂದು ಲಾರಿ ದಾಟುವಾಗ ಮಾತ್ರ, ಅಕ್ಕ ಹೇಳಿದಂತೆ ಹಿಂದೆ ಇರುವಾಗಲೇ ಒತ್ತಿ, ದಾಟಿ, ತೆಗೆದುಬಿಟ್ಟೆ. ಯಾರಿಗೂ ವಾಂತಿ ಆಗಲಿಲ್ಲ, ನಾಲ್ಕು ದೋಸೆಯವರಿಗೂ. ಇವತ್ತು ಆಫೀಸಿಗೆ ನಾರ್ಮಲ್‌ನಲ್ಲೇ ಹೋಗಿಬಂದೆ. ಮಗಳಿಗೆ ಸ್ವಲ್ಪ ಬೇಜಾರು.

ಮಾವ ಉಜಿರೆ ಬರುವವರೆಗೆ ಏನೂ ಹೇಳಿರಲಿಲ್ಲ. ಅಲ್ಲಿ ಕಾಫಿಗೆ ನಿಲ್ಲಿಸಿದಾಗ ಕೇಳಿದರು, ಆ ಬಟನ್ ಒತ್ತಿದಾಗ ಏನಾಯಿತು ಅಂತ. ನಾನು ಇಲ್ಲಿ ಓದಿದ್ದನ್ನೆಲ್ಲ ಹೇಳಿದೆ. ಪುಲ್ಲಿ, ಬೆಲ್ಟು, ಇಸಿಯು, ಇಂಜೆಕ್ಟರ್. ಪೂರ್ತಿ ಕೇಳಿಸಿಕೊಂಡು ಲೋಟ ಕೆಳಗಿಟ್ಟರು.

"ಸೆಕೆಂಡ್ ಗೇರಿಗೆ ಹಾಕಿದೆ ಅಂತ ಒಂದೇ ಮಾತಲ್ಲಿ ಹೇಳೋದಲ್ವಾ?"

ಘಟ್ಟದ_ಮಂಜು | ಮುಂದಿನ ಮಂಗಳವಾರ, ರಾತ್ರಿ 10:20

ಮಾವನವರನ್ನು ಈ ಗುಂಪಿಗೆ ಸೇರಿಸಿ.